ವುಡ್ಸನ್ ಆಡಿದ ಊರುಗಳ ದಾರಿ: ಕ್ಯಾಂಟನ್‌ನಿಂದ ಗ್ರೀನ್ ಬೇವರೆಗೆ

ಅಮೆರಿಕನ್ ಫುಟ್‌ಬಾಲ್‌ನ ರಕ್ಷಣಾ ಆಟಗಾರ ಚಾರ್ಲ್ಸ್ ವುಡ್ಸನ್ ಆಟದ ಜಾಡು ಹಿಡಿದು ಹೊರಡುವವರು ಒಹಾಯೊದ ಕ್ಯಾಂಟನ್‌ನಿಂದ ಶುರುಮಾಡುವುದು ಒಳ್ಳೆಯದು. ಈ ಆಟದ ವೃತ್ತಿಪರ ಲೀಗ್ 1920ರಲ್ಲಿ ಹುಟ್ಟಿದ್ದು ಇಲ್ಲೇ. ಶ್ರೇಷ್ಠ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ 2021ರಲ್ಲಿ ಸೇರಿದವರ ಕಂಚಿನ ಪ್ರತಿಮೆಗಳನ್ನು ಹುಡುಕಿದರೆ ವುಡ್ಸನ್ ಜೊತೆ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಕ್ರಮಣ ನಡೆಸುವ ಆಟಗಾರ) ಪೇಟನ್ ಮ್ಯಾನಿಂಗ್ ಕೂಡ ಸಿಗುತ್ತಾರೆ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಗೆ 1997ರಲ್ಲಿ ಮ್ಯಾನಿಂಗ್ ಅವರನ್ನು ಹಿಂದಿಕ್ಕಿದ್ದು ವುಡ್ಸನ್. ಮುಖ್ಯವಾಗಿ ರಕ್ಷಣೆಯಲ್ಲಿ ಆಡಿ ಅದನ್ನು ಗೆದ್ದವರಲ್ಲಿ ಅವರೇ ಮೊದಲಿಗರು.

ಅಲ್ಲಿಂದ ಪಶ್ಚಿಮಕ್ಕೆ ಅವರ ಹುಟ್ಟೂರು ಫ್ರೀಮಾಂಟ್. ಟೊಲೀಡೊ ದಾಟಿ ಉತ್ತರಕ್ಕೆ ತಿರುಗಿದರೆ ಮಿಷಿಗನ್‌ನ ಆ್ಯನ್ ಆರ್ಬರ್.

ವುಡ್ಸನ್ ಕಾಲೇಜು ಆಟ ಆಡಿದ ಮಿಷಿಗನ್ ವಿಶ್ವವಿದ್ಯಾಲಯದ ಇಲ್ಲಿನ ಕ್ರೀಡಾಂಗಣದ ಬಹುಪಾಲು ನೆಲದ ಮಟ್ಟಕ್ಕಿಂತ ಕೆಳಗಿದೆ. ರಸ್ತೆಯಿಂದ ಅಷ್ಟೇನೂ ಎತ್ತರ ಕಾಣದಿದ್ದರೂ ಒಳಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಪಂದ್ಯದ ದಿನ ಕಾರನ್ನು ದೂರದಲ್ಲೇ ಬಿಟ್ಟು ನಡೆಯಬೇಕು. ಸೀಟು ಆರಿಸುವಾಗ ಎಂಡ್ ಝೋನ್ (ಅಂಕಣದ ತುದಿಯಲ್ಲಿ ಅಂಕ ಗಳಿಸುವ ಪಟ್ಟಿ) ಹಿಂದಿನ ಮೇಲಿನ ಸಾಲುಗಳನ್ನೇ ಹಿಡಿಯಿರಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ವುಡ್ಸನ್ ಹಾಗೆ ಅಂಚಿನಲ್ಲಿ ನಿಂತು ಪಾಸ್ ತಡೆಯುವ ಕಾರ್ನರ್‌ಬ್ಯಾಕ್ ಎಷ್ಟೋ ಸಲ ಪರದೆಯಲ್ಲೇ ಇರುವುದಿಲ್ಲ. ಮೇಲಿನಿಂದಾದರೆ ಅವನ ಕಾಲು ಯಾವಾಗ ತಿರುಗುತ್ತದೆ, ಪಾಸ್ ಹಿಡಿಯುವ ರಿಸೀವರ್‌ಗೆ ಎಷ್ಟು ಜಾಗ ಬಿಡುತ್ತಾನೆ ಎಲ್ಲವೂ ಕಾಣುತ್ತದೆ. 1997ರ ನವೆಂಬರ್ 22ರಂದು ಒಹಾಯೊ ಸ್ಟೇಟ್ ವಿರುದ್ಧ ವುಡ್ಸನ್ ಇದೇ ಅಂಕಣದಲ್ಲಿ ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು (ಪಂಟ್) ಹಿಡಿದು 78 ಗಜ ಓಡಿ, ಎಂಡ್ ಝೋನ್ ಮುಟ್ಟಿ ಟಚ್‌ಡೌನ್ ಗಳಿಸಿದರು, ಎಂಡ್ ಝೋನ್‌ನಲ್ಲಿ ಎದುರಾಳಿಯ ಪಾಸ್ ಕಸಿದರು, ಆಕ್ರಮಣದಲ್ಲೂ 37 ಗಜದ ಪಾಸ್ ಹಿಡಿದರು. ಮಿಷಿಗನ್ 20-14ರಿಂದ ಗೆದ್ದು, ಮುಂದೆ ಒಂದೂ ಪಂದ್ಯ ಸೋಲದೆ ಋತು ಮುಗಿಸಿತು. ಒಬ್ಬ ರಕ್ಷಣಾ ಆಟಗಾರ ಒಂದೇ ಮಧ್ಯಾಹ್ನ ಇಷ್ಟು ಮಾಡಿದ್ದು ಅಪರೂಪದಲ್ಲಿ ಅಪರೂಪ.

1998ರಲ್ಲಿ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ ನಾಲ್ಕನೇ ಆಯ್ಕೆಯಾಗಿ ವುಡ್ಸನ್ ಸೇರಿದ ಓಕ್‌ಲೆಂಡ್ ರೈಡರ್ಸ್ ತಂಡ ಈಗ ಲಾಸ್ ವೇಗಸ್‌ನಲ್ಲಿದೆ. ಹಾಗಾಗಿ ಓಕ್‌ಲೆಂಡನ್ನು ಈ ದಾರಿಯಿಂದ ಬಿಡಬಹುದು.

ಅವರ ಮುಂದಿನ ತಂಡ ಪ್ಯಾಕರ್ಸ್‌ನ ಊರಾದ ವಿಸ್ಕಾನ್ಸಿನ್‌ನ ಗ್ರೀನ್ ಬೇಗೆ ಶಿಕಾಗೋ ಸುತ್ತಿ ಹೋದರೆ ವಾಹನ ದಟ್ಟಣೆ. ಮಿಷಿಗನ್‌ನ ಪಶ್ಚಿಮ ದಡದ ಲಡಿಂಗ್ಟನ್‌ನಿಂದ ಕಾರು ಸಮೇತ ಬ್ಯಾಜರ್ ಹಡಗು ಹತ್ತಿದರೆ ನಾಲ್ಕು ಗಂಟೆಯಲ್ಲಿ ಮಿಷಿಗನ್ ಸರೋವರ ದಾಟಿ ಮ್ಯಾನಿಟೊವಾಕ್ ತಲುಪಬಹುದು. ಆದರೆ ಹಡಗು ಅಕ್ಟೋಬರ್‌ನಲ್ಲಿ ನಿಂತುಬಿಡುತ್ತದೆ, ಆದ್ದರಿಂದ ಸೆಪ್ಟೆಂಬರ್ ಪಂದ್ಯವನ್ನೇ ನೋಡಿಕೊಳ್ಳಿ. ಆಚೆ ದಡದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಕಾಲೇಜು ಆಟ ಶನಿವಾರ, ವೃತ್ತಿಪರ ಆಟ ಸಾಮಾನ್ಯವಾಗಿ ಭಾನುವಾರ. ಎರಡನ್ನೂ ಒಂದೇ ವಾರಾಂತ್ಯಕ್ಕೆ ತುರುಕಿದರೆ ರಾತ್ರಿಯಿಡೀ ಕಾರು ಓಡಿಸಬೇಕಾಗುತ್ತದೆ.

ಪ್ಯಾಕರ್ಸ್ ಕ್ರೀಡಾಂಗಣವಾದ ಲ್ಯಾಂಬೋ ಫೀಲ್ಡ್‌ನ ಸೀಟುಗಳು ಬಹುಪಾಲು ಲೋಹದ ಬೆಂಚುಗಳು. ಚಳಿಗಾಲದಲ್ಲಿ ಹೋಗುವವರು ಕೂರಲು ದಿಂಬು, ಕಾಲಡಿಗೆ ರಟ್ಟು ಒಯ್ಯಬೇಕು. ಕಾಂಕ್ರೀಟು ಪಾದದ ಬಿಸಿಯನ್ನೆಲ್ಲ ಹೀರುತ್ತದೆ. ಚೀಲ ಪಾರದರ್ಶಕವಾಗಿರಬೇಕು, 12 ಅಂಗುಲ ಉದ್ದ, 12 ಎತ್ತರ, 6 ಅಗಲ ಮೀರಬಾರದು. 2006ರಲ್ಲಿ ಇಲ್ಲಿಗೆ ಬಂದ ವುಡ್ಸನ್ ಅಂಚು ಬಿಟ್ಟು ಒಳಕ್ಕೆ ಸರಿದರು. ಒಳಗಿನ ರಿಸೀವರ್ ಎದುರು ನಿಂತು, ಒಮ್ಮೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು, ಇನ್ನೊಮ್ಮೆ ಹಿಂದೆ ಸರಿದು ಪಾಸ್ ಕಸಿಯುವುದು. 2009ರಲ್ಲಿ ಒಂಬತ್ತು ಪಾಸ್ ಕಸಿದು ವರ್ಷದ ರಕ್ಷಣಾ ಆಟಗಾರರಾದರು. ಮುಂದಿನ ಋತುವಿನ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಅಂತಿಮ ಪಂದ್ಯ) ಕಾಲರ್ ಮೂಳೆ ಮುರಿದು ಹೊರಗುಳಿದರೂ ತಂಡ 31-25ರಿಂದ ಗೆದ್ದಿತು. ಮತ್ತೆ ರೈಡರ್ಸ್‌ಗೆ ಮರಳಿ ಸೇಫ್ಟಿಯಾಗಿ (ರಕ್ಷಣೆಯ ಕೊನೆಯ ಸಾಲಿನ ಆಟಗಾರ) ಆಡಿ, 2015ರ ಋತುವಿಗೆ ಆಟ ನಿಲ್ಲಿಸಿದಾಗ ಕಸಿದ ಪಾಸ್‌ಗಳು ಒಟ್ಟು 65. ಆ ಕೊನೆಯ ಋತುವಿನ ಒಂದೇ ಪಂದ್ಯದಲ್ಲಿ ಕಸಿದ ಎರಡು ಪಾಸ್‌ಗಳು ಮ್ಯಾನಿಂಗ್ ಎಸೆದವೇ ಆಗಿದ್ದವು.