‘ನಿಮ್ಮವರು ನಿಮ್ಮವರೇ ಯಾಕೆ ಹೊಡೆದಾಡಿಕೊಂಡರು?’

ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸುವುದನ್ನು ಇಂದಿಗೆ ನಿಲ್ಲಿಸುತ್ತಿದ್ದೇನೆ. ಹನ್ನೆರಡು ವರ್ಷಗಳ ಹಿಂದೆ ಉತ್ತರ ಐರ್ಲೆಂಡಿನ ಕಾರಿಮೀಲಾ ಎಂಬ ಕ್ರೈಸ್ತ ಸಮುದಾಯದಲ್ಲಿ ಹನ್ನೊಂದು ತಿಂಗಳು ಸ್ವಯಂಸೇವಕಿಯಾಗಿ ಇದ್ದು ಬಂದೆ. ಪ್ರಾಟೆಸ್ಟೆಂಟರು ಮತ್ತು ಕ್ಯಾಥೊಲಿಕರು ಒಟ್ಟಿಗೆ ಸೇರಿ, ಒಡೆದುಹೋದ ತಮ್ಮ ನಾಡಿನಲ್ಲಿ ಜನರನ್ನು ಒಂದೇ ಸೂರಿನಡಿ ಕೂರಿಸುವ ಕೆಲಸ ಮಾಡುವ ಜಾಗ ಅದು. ಬಂದ ದಿನದಿಂದ ಕಾರವಾರದ ಮೀನುಪೇಟೆಯಲ್ಲಿ, ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ, ಶಿರಸಿಗೆ ಹೋಗುವ ಬಸ್ಸಿನಲ್ಲಿ ನನಗೆ ಎದುರಾಗುತ್ತಿರುವುದು ಒಂದೇ ಪ್ರಶ್ನೆ: ‘ಅಲ್ಲಿ ಎರಡೂ ಕಡೆಯವರು ಕ್ರಿಶ್ಚಿಯನ್ನರೇ ಅಲ್ಲವೇ? ನಿಮ್ಮವರು ನಿಮ್ಮವರೇ ಯಾಕೆ ಹೊಡೆದಾಡಿಕೊಂಡರು?’

ಮೊದಲು ಆ ‘ನಿಮ್ಮವರು’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಾನು ಹುಟ್ಟಿದ್ದು, ಓದಿದ್ದು, ಈಗ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿರುವುದು ಎಲ್ಲವೂ ಕಾರವಾರದಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಾನುವಾರ ಇಗರ್ಜಿ. ನಾನು ಕ್ಯಾಥೊಲಿಕಳು ಎಂಬ ಒಂದೇ ಕಾರಣಕ್ಕೆ ಬೆಲ್‌ಫಾಸ್ಟಿನಲ್ಲಿ ಬಾಂಬಿಟ್ಟವನು ನನ್ನವನಾಗುತ್ತಾನೆ, ನನ್ನ ತಾಯಿಯನ್ನು ನಡುರಾತ್ರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದ ಪಕ್ಕದ ಮನೆಯವರು ನನ್ನವರಾಗುವುದಿಲ್ಲ ಎಂದರೆ, ಅಂಥ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಈ ಪ್ರಶ್ನೆಯೊಳಗೆ ಇನ್ನೊಂದು ಮಾತೂ ಅಡಗಿದೆ: ಬೇರೆ ಬೇರೆ ಧರ್ಮದವರು ಹೊಡೆದಾಡಿಕೊಂಡರೆ ಅದರಲ್ಲಿ ಕೇಳುವಂಥದ್ದೇನೂ ಇಲ್ಲ, ಒಂದೇ ಧರ್ಮದವರು ಹೊಡೆದಾಡಿಕೊಂಡರೆ ಮಾತ್ರ ಆಶ್ಚರ್ಯ. ನನಗೆ ಎರಡೂ ಒಂದೇ ಬಗೆಯ ದುಃಖ.

ಇನ್ನು ಉತ್ತರ. ಉತ್ತರ ಐರ್ಲೆಂಡಿನ ಆಗಿನ ಜನಸಂಖ್ಯೆ ಸುಮಾರು ಹದಿನೈದು ಲಕ್ಷ, ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಭಟ್ಕಳದಿಂದ ಹಳಿಯಾಳದವರೆಗಿನ ನಮ್ಮಷ್ಟೇ ಜನರ ನಡುವೆ, 1960ರ ದಶಕದ ಕೊನೆಯಿಂದ 1998ರವರೆಗೆ, ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಎಂದರೆ ಆ ಗಾಯ ಎಷ್ಟು ಮನೆಗಳನ್ನು ಮುಟ್ಟಿರಬೇಕೆಂದು ನೀವೇ ಊಹಿಸಿಕೊಳ್ಳಿ. ಅವರ ಜಗಳ ಬೈಬಲ್ಲಿನ ಯಾವ ವಚನದ ಅರ್ಥದ ಮೇಲೂ ಹುಟ್ಟಿದ್ದಲ್ಲ. 1609ರಿಂದೀಚೆಗೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟರನ್ನು ತಂದು, ಐರಿಶ್ ಕ್ಯಾಥೊಲಿಕರಿಂದ ಕಿತ್ತುಕೊಂಡ ಭೂಮಿಯಲ್ಲಿ ನೆಲೆಗೊಳಿಸಿದರು. 1921ರಲ್ಲಿ ದ್ವೀಪವನ್ನು ಇಬ್ಭಾಗ ಮಾಡಿದಾಗ ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆ ಉಳಿದವು. ಬ್ರಿಟನ್ನಿನಲ್ಲೇ ಇರಬೇಕೆನ್ನುವವರು ಬಹುಮಟ್ಟಿಗೆ ಪ್ರಾಟೆಸ್ಟೆಂಟರು, ಐರ್ಲೆಂಡಿನೊಡನೆ ಸೇರಬೇಕೆನ್ನುವವರು ಬಹುಮಟ್ಟಿಗೆ ಕ್ಯಾಥೊಲಿಕರು. 1968ರಲ್ಲಿ ಕ್ಯಾಲಡನ್ ಎಂಬ ಹಳ್ಳಿಯಲ್ಲಿ, ಮನೆಗಾಗಿ ಕಾದಿದ್ದ ಮಕ್ಕಳೊಂದಿಗರ ಕ್ಯಾಥೊಲಿಕ್ ಕುಟುಂಬಗಳನ್ನು ಬಿಟ್ಟು ಹತ್ತೊಂಬತ್ತು ವರ್ಷದ ಅವಿವಾಹಿತ ಪ್ರಾಟೆಸ್ಟೆಂಟ್ ಯುವತಿಗೆ ಸರ್ಕಾರಿ ಮನೆ ಹಂಚಿದ್ದು ನಾಗರಿಕ ಹಕ್ಕುಗಳ ಚಳವಳಿಗೆ ಕಿಡಿ ತಾಗಿಸಿತು. ಸೀಬರ್ಡ್ ನೌಕಾನೆಲೆ ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದವರಿರುವ ಈ ಊರಿನಲ್ಲಿ ಅಂಥ ಸಿಟ್ಟನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಧರ್ಮಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ ಎಂದು ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಯಾವ ಇಗರ್ಜಿ, ಯಾವ ಶಾಲೆ, ಯಾವ ಅಡ್ಡಹೆಸರು ಎಂಬುದರಿಂದಲೇ ಅಲ್ಲಿ ಮನುಷ್ಯನನ್ನು ಗುರುತಿಸುತ್ತಿದ್ದರು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತವರು ‘ನೀವು ಯಾವ ಪೈಕಿ?’ ಎಂದು ಮೆಲ್ಲಗೆ ವಿಚಾರಿಸುತ್ತಾರಲ್ಲ, ಅಲ್ಲಿ ಅಷ್ಟನ್ನೂ ಕೇಳಬೇಕಾಗಿಲ್ಲ. ಇಂಗ್ಲಿಷಿನ H ಎಂಬ ಒಂದು ಅಕ್ಷರವನ್ನು ಹೇಳಿಸಿದರೆ ಸಾಕು. ಕ್ಯಾಥೊಲಿಕ್ ಶಾಲೆಯಲ್ಲಿ ಕಲಿತವರು ಆ ಅಕ್ಷರವನ್ನು ‘ಹೇಚ್’ ಎನ್ನುತ್ತಾರೆ, ಪ್ರಾಟೆಸ್ಟೆಂಟರು ‘ಏಚ್’ ಎನ್ನುತ್ತಾರೆ. ನಾನು ಹೋದ ಎರಡನೆಯ ವಾರ ಬೆಲ್‌ಫಾಸ್ಟಿನ ಎರಡು ಶಾಲೆಗಳ ಮಕ್ಕಳು ಕಾರಿಮೀಲಾಕ್ಕೆ ಬಂದಿದ್ದರು. ಕೋಣೆಗಳ ಪಟ್ಟಿ ಓದುವಾಗ ನಾನು ನಮ್ಮೂರಿನ ಅಭ್ಯಾಸದಂತೆ ‘ಹೆಚ್’ ಎಂದೆ. ಒಂದು ಮೇಜಿನ ಹುಡುಗರು ಗೆದ್ದವರಂತೆ ಮೇಜು ಬಡಿದರು. ಸಂಜೆ ಇನ್ನೊಂದು ಪಟ್ಟಿ ಓದುವಾಗ ಅರಿವಿಲ್ಲದೆ ‘ಎಚ್’ ಎಂದೆ. ಈಗ ಇನ್ನೊಂದು ಮೇಜು ಕೂಗಿತು. ನಮ್ಮ ಕಡೆ ಒಬ್ಬರೇ ಎರಡನ್ನೂ ಹೇಳುತ್ತಾರೆ, ಅಂಗಡಿಯ ಬೋರ್ಡಿನ ಮೇಲೂ ಎರಡನ್ನೂ ಬರೆಯುತ್ತಾರೆ ಎಂದು ತಿಳಿಸಿದಾಗ ಎರಡೂ ಮೇಜಿನ ಮಕ್ಕಳು ಒಟ್ಟಿಗೆ ನಕ್ಕರು. ಆ ವಾರ ಅವರು ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟು ಹೇಳಿದ ಮೇಲೂ ಪ್ರಶ್ನೆ ನಿಲ್ಲುವುದಿಲ್ಲ. ಮೂರು ವರ್ಷಗಳ ಹಿಂದೆ ಚೌತಿಯ ಎರಡನೆಯ ದಿನ ಪಕ್ಕದ ಮನೆಯ ವೈನಿ ಊಟಕ್ಕೆ ಕರೆದಿದ್ದರು. ಗಣಪತಿಯ ಮೇಲೆ ಕಟ್ಟಿದ ಫಲಾವಳಿಯಲ್ಲಿ ಹಸಿ ಅಡಿಕೆಗೊನೆ ತೂಗುತ್ತಿತ್ತು; ಎಲೆಯ ಕೊನೆಗೆ ಎರಡು ನೆವ್ರಿ, ಅಂದರೆ ಕರ್ಜಿಕಾಯಿ, ಬಿದ್ದಿದ್ದವು. ಎದುರು ಪಂಕ್ತಿಯಲ್ಲಿ ಕುಳಿತಿದ್ದ ವೈನಿಯ ಅಣ್ಣ, ಕುಮಟಾದಲ್ಲಿ ಅಂಗಡಿ ಇಟ್ಟವರು, ‘ಅಕ್ಕೋರೆ, ಬೇಸರ ಮಾಡಿಕೊಳ್ಳಬೇಡಿ’ ಎಂದು ಶುರು ಮಾಡಿ ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಕೇಳಿದರು. ನನಗೆ ತಡೆಯಲಾಗಲಿಲ್ಲ. ‘ಮಾಮ, 2017ರ ಡಿಸೆಂಬರಿನಲ್ಲಿ ನಿಮ್ಮ ಕುಮಟಾದಲ್ಲಿ ಕಲ್ಲು ತೂರಿದವರು ಯಾರವರು?’ ಎಂದು ಕೇಳಿಬಿಟ್ಟೆ. ಆ ತಿಂಗಳು ಹೊನ್ನಾವರದಲ್ಲಿ ಹತ್ತಿದ ಹಿಂದೂ–ಮುಸ್ಲಿಂ ಗಲಭೆಯ ಬೆಂಕಿ ಕುಮಟಾ ಮತ್ತು ಶಿರಸಿಗೂ ಹರಿದಿತ್ತು ಎಂಬುದನ್ನು ಈ ಜಿಲ್ಲೆಯವರು ಮರೆತಿಲ್ಲ. ಪಂಕ್ತಿ ಸ್ತಬ್ಧವಾಯಿತು. ವೈನಿ ಯಾರೂ ಕೇಳದೆಯೇ ಎಲ್ಲರ ಎಲೆಗೂ ಇನ್ನೊಂದು ಸುತ್ತು ಪಾಯಸ ಬಡಿಸಿದರು. ಅವರ ‘ನಿಮ್ಮವರು’ ಎಂಬ ಮಾತಿಗೆ ನಾನು ‘ನಿಮ್ಮ ಕುಮಟಾ’ ಎಂದು ಬೆರಳು ತೋರಿಸಿದ್ದೆ. ನನಗೆ ಈಗಲೂ ಅದರ ಬಗ್ಗೆ ನಾಚಿಕೆಯಿದೆ.

ಕೈತೊಳೆಯುವಾಗ ಮಾಮ ನನ್ನ ಬಳಿ ಬಂದು ನಿಂತರು. ಗಲಾಟೆಯ ದಿನ ಅಂಗಡಿಯ ಬಾಗಿಲು ಎಳೆದು ಒಳಗೆ ಕುಳಿತಿದ್ದಾಗ, ಇಪ್ಪತ್ತು ವರ್ಷ ತಮಗೆ ಸಾಮಾನು ಹಾಕುತ್ತಿದ್ದ ಸಾಹೇಬರಿಗೆ ಒಮ್ಮೆ ಫೋನು ಮಾಡಿದ್ದರಂತೆ; ಅವರು ಎತ್ತಲಿಲ್ಲ. ಆ ಮೇಲೆ ಇವರೂ ಮಾಡಲಿಲ್ಲ, ಅವರೂ ಮಾಡಲಿಲ್ಲ. ಅಷ್ಟನ್ನು ಹೇಳಿ ಕೇಳಿದರು: ‘ಅಲ್ಲಿ ಮೊದಲು ಮಾತಾಡಿಸಿದವರು ಯಾರು?’

ಹನ್ನೆರಡು ವರ್ಷಗಳಲ್ಲಿ ನನಗೆ ಬೇಕಾಗಿದ್ದ ಪ್ರಶ್ನೆ ಇದು. ಎಲ್ಲರೂ ಇದನ್ನೇ ಕೇಳಲಿ ಎಂಬ ಆಸೆಯಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಮಾತಾಡಿಸಿದವರಲ್ಲಿ ಒಬ್ಬರು ರೇ ಡೇವಿ, ಬೆಲ್‌ಫಾಸ್ಟಿನವರು, ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಪಾದ್ರಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಸೇವೆಗೆಂದು ಉತ್ತರ ಆಫ್ರಿಕಾಕ್ಕೆ ಹೋಗಿದ್ದ ಅವರು ಸೆರೆಸಿಕ್ಕಿ, ಕೊನೆಗೆ ಜರ್ಮನಿಯ ಡ್ರೆಸ್ಡನ್ ಬಳಿಯ ಶಿಬಿರದಲ್ಲಿದ್ದರು. 1945ರ ಫೆಬ್ರವರಿಯಲ್ಲಿ ಆ ನಗರ ಸುಟ್ಟುಹೋದದ್ದನ್ನು ಅವರು ಕಂಡರು. ಸುಟ್ಟದ್ದು ಅವರ ಸ್ವಂತ ಕಡೆಯ ವಿಮಾನಗಳು. ಊರಿಗೆ ಮರಳಿ ಕ್ವೀನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪಾದ್ರಿಯಾದ ಡೇವಿ, 1965ರಲ್ಲಿ ಆ ವಿದ್ಯಾರ್ಥಿಗಳು ಮತ್ತು ಗೆಳೆಯರೊಂದಿಗೆ ಹಣ ಕೂಡಿಸಿ ಬ್ಯಾಲಿಕ್ಯಾಸಲ್ ಪಟ್ಟಣದ ಹತ್ತಿರ, ಕಡಲ ಮೇಲಿನ ಗುಡ್ಡದಲ್ಲಿ ಮಾರಾಟಕ್ಕಿದ್ದ ಹಳೆಯ ವಿಹಾರಧಾಮವೊಂದನ್ನು ಕೊಂಡರು.

ವರ್ಷವನ್ನು ಗಮನಿಸಿ: 1965. ಗಲಭೆ ಭುಗಿಲೆದ್ದದ್ದು 1968–69ರಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿದೆ. ಇವರು ಬೆಂಕಿ ಬೀಳುವ ಮೊದಲೇ ತೋಡಿದ್ದರು. ಬೆಲ್‌ಫಾಸ್ಟಿನ ಬೀದಿಗಳು ಉರಿಯತೊಡಗಿದಾಗ ಅಲ್ಲಿಂದ ಹೊರಟ ಕುಟುಂಬಗಳಿಗೆ ಆ ಗುಡ್ಡದ ಮೇಲೆ ಹಾಸಿಗೆ, ಅಡುಗೆಮನೆ, ಎರಡೂ ಕಡೆಯ ಪರಿಚಯದ ಮುಖಗಳು ಸಿದ್ಧವಾಗಿದ್ದವು. ನಮ್ಮಲ್ಲಿ ಶಾಂತಿ ಸಭೆ ಕರೆಯುವುದು ಗಲಾಟೆಯ ಮರುವಾರ, ಇಲ್ಲವೇ ಚೌತಿ ಮತ್ತು ಈದ್ ಮೆರವಣಿಗೆಗಳ ಮುನ್ನ, ಪೊಲೀಸ್ ಠಾಣೆಯಲ್ಲಿ. ಎರಡೂ ಕಡೆಯ ಮುಖಂಡರು ಚಹಾ ಕುಡಿದು, ಫೋಟೋಕ್ಕೆ ನಿಂತು, ಮನೆಗೆ ಹೋಗುತ್ತಾರೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ, ಆದರೆ ಅಷ್ಟೇ ಸಾಕೆಂದು ನಂಬಲು ನನ್ನಿಂದಾಗದು.

ಕಾರಿಮೀಲಾದಲ್ಲಿ ನಾನು ಕಂಡ ಕೆಲಸ ಬಹುಪಾಲು ಅಡುಗೆಮನೆಯ ಕೆಲಸ. ಬಂದ ಗುಂಪುಗಳೇ ಊಟದ ನಂತರ ಪಾಳಿಯ ಮೇಲೆ ಪಾತ್ರೆ ತೊಳೆಯಬೇಕಿತ್ತು. ಒಮ್ಮೆ ಇಬ್ಬರು ವಯಸ್ಸಾದ ಹೆಂಗಸರು ನನ್ನ ಪಾಳಿಗೆ ಬಂದರು. ಇಬ್ಬರೂ ಆ ದಿನಗಳಲ್ಲಿ ಮನೆಯ ಒಬ್ಬರನ್ನು ಕಳೆದುಕೊಂಡವರು, ಒಬ್ಬರು ಆ ಕಡೆಯವರು, ಒಬ್ಬರು ಈ ಕಡೆಯವರು. ಬೆಳಗಿನ ಕೂಟದಲ್ಲಿ ನಡೆಸುವವರು ‘ನಾವು’ ಎನ್ನದೆ ‘ನಾನು’ ಎಂದು ಮಾತಾಡಿ ಎಂದು ಕೇಳಿಕೊಂಡಿದ್ದರು, ಅದಕ್ಕೆ ಇಬ್ಬರೂ ಬಾಯಿಯನ್ನೇ ತೆರೆದಿರಲಿಲ್ಲ. ಸಿಂಕಿನ ಬಳಿ ಹತ್ತು ನಿಮಿಷ ಒಬ್ಬರು ತೊಳೆದರು, ಒಬ್ಬರು ಒರೆಸಿದರು. ಆಮೇಲೆ ಒರೆಸುತ್ತಿದ್ದವರು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು, ಇದು ಇನ್ನೂ ಸ್ವಚ್ಛವಾಗಿಲ್ಲ ಎಂದು ವಾಪಸು ಕೊಟ್ಟರು. ಇವರು ಮರುಮಾತಿಲ್ಲದೆ ಮತ್ತೆ ತೊಳೆದು ಕೊಟ್ಟು, ನನ್ನ ಅಮ್ಮನೂ ಹೀಗೇ ಮಾಡುತ್ತಿದ್ದಳು ಎಂದರು. ಮಧ್ಯಾಹ್ನ ಅವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು, ಎದುರಿಗೆ ಕಡಲು, ಅದರಾಚೆ ರ‍್ಯಾಥ್ಲಿನ್ ದ್ವೀಪ. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ.

1998ರಲ್ಲಿ ಶಾಂತಿ ಒಪ್ಪಂದವಾಗಿದೆ. ಆದರೂ 1969ರಿಂದ ಬೆಲ್‌ಫಾಸ್ಟಿನ ಬೀದಿಗಳ ನಡುವೆ ಏಳತೊಡಗಿದ ಗೋಡೆಗಳಲ್ಲಿ ಹಲವು ಇನ್ನೂ ನಿಂತಿವೆ, ಹೆಚ್ಚಿನ ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗಳಿಗೇ ಹೋಗುತ್ತಾರೆ, ಆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಪಾಳಿಯೂ ನಡೆದೇ ಇದೆ.

ಕುಮಟಾದ ಮಾಮ ಕಳೆದ ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬಂದಿದ್ದರು. ನಮ್ಮಲ್ಲಿ ನೆವ್ರಿ ಮಾಡುವುದು ಆ ಹಬ್ಬಕ್ಕೆ. ವೈನಿಯ ಮನೆಯದಕ್ಕಿಂತ ಇದರಲ್ಲಿ ಕಾಯಿ ಹೆಚ್ಚು ಎಂದರು. ಫೋನು ಮಾಡಿದಿರಾ ಎಂದು ನಾನು ಕೇಳಲಿಲ್ಲ. ಹೊರಡುವಾಗ ಅವರಾಗಿಯೇ, ಸಾಹೇಬರ ನಂಬರು ಇನ್ನೂ ಅಳಿಸಿಲ್ಲ ಎಂದರು.