ತುಳಸಿ ಒಣಗಿದರೆ ಭಯ ಆಗಲ್ವಾ?

ಅಕ್ಟೋಬರ್ ಬಂತು ಅಂದರೆ ಬೋಸ್ಟನ್ ಹತ್ತಿರದ ನಮ್ಮ ಮನೆಗೆ ಬರುವ ಕನ್ನಡದವರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ. ಊರಿಂದ ಅತ್ತೆ ಫೋನ್ ಮಾಡಿದಾಗಲೂ ಇದೇ ಮಾತು. "ಅಲ್ಲಮ್ಮಾ, ಪ್ರತಿ ವರ್ಷ ಚಳಿಗೆ ತುಳಸಿ ಹೋಯ್ತು ಅಂತೀಯ. ಮನೆ ತುಳಸಿ ಒಣಗೋದು ಒಳ್ಳೇದಲ್ಲ ಅಂತಾರೆ. ನಿಂಗೆ ಭಯ ಆಗಲ್ವಾ?"

ಮೊದಲ ವರ್ಷ ಆಗಿತ್ತು. ತುಂಬಾನೇ ಆಗಿತ್ತು. ಕುಂಡವನ್ನು ಒಳಗೆ ತರೋಣ ಅಂದುಕೊಂಡು ಒಂದು ದಿನ ತಡ ಮಾಡಿದೆ, ಅವತ್ತೇ ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು. ಬೆಳಿಗ್ಗೆ ನೋಡಿದರೆ ಎಲೆಗಳು ಬಿಸಿನೀರಲ್ಲಿ ಅದ್ದಿ ತೆಗೆದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಮುಟ್ಟಿದರೆ ಬೆರಳಿಗೆ ಅಂಟಿದವು. ವಾಸನೆ ಮಾತ್ರ ಹಾಗೇ ಇತ್ತು. ಆ ವಾರವೇ ಊರಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ, ಎರಡಕ್ಕೂ ಗಂಟು ಹಾಕಿಕೊಂಡು ನಾನು ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ.

ಅಮ್ಮನೇ ಬೈದಳು. "ಬಿಸಿಲಿನ ಗಿಡನ ಚಳೀಲಿ ಬಿಟ್ಟು ಅಪಶಕುನ ಅಂತೀಯಲ್ಲ. ತೆನೆ ಇದೆಯಾ ನೋಡು ಮೊದಲು."

ತೆನೆ ಇತ್ತು. ಅಂಗೈಯಲ್ಲಿ ಉಜ್ಜಿ ಊದಿದೆ. ಹೊಟ್ಟು ಹಾರಿ, ರಾಗಿಗಿಂತ ಸಣ್ಣ ಕಂದು ಬೀಜಗಳು ಉಳಿದವು.

ಅಲ್ಲಿಂದ ನಾನು ಹಿತ್ತಲಿನ ಮೇಪಲ್ ಮರವನ್ನೂ ಬೇರೆ ಥರ ನೋಡೋಕೆ ಶುರು ಮಾಡಿದೆ. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಮರ ಎಲೆಯ ಹಸಿರನ್ನು ಕಳಚಿ, ಅದರಲ್ಲಿನ ಸತ್ವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಳದಿ ಮೊದಲಿಂದಲೂ ಎಲೆಯಲ್ಲೇ ಇರುತ್ತದೆ, ಹಸಿರು ಹೋದಾಗ ಕಾಣುತ್ತದೆ ಅಷ್ಟೆ. ಕೆಂಪು ಹಾಗಲ್ಲ, ಅದನ್ನು ಮರ ಆಗಲೇ ಹೊಸದಾಗಿ ಮಾಡುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಬಿರಡೆಯಂಥ ಒಂದು ಪದರ ಬೆಳೆದು ಎಲೆ ಬಿಡುತ್ತದೆ. ಉದುರಿದ ಜಾಗದ ಪಕ್ಕದಲ್ಲೇ ನೋಡಿ, ಮೊನಚಾದ ಪುಟ್ಟ ಮೊಗ್ಗು ಇರುತ್ತದೆ. ಅದು ಬೇಸಿಗೆಯಲ್ಲೇ ತಯಾರಾಗಿರುತ್ತದೆ. ನಮ್ಮ ತುಳಸಿಗೆ ಈ ವಿದ್ಯೆ ಗೊತ್ತಿಲ್ಲ, ಅದು ಬೆಚ್ಚಗಿನ ನೆಲದ ಗಿಡ. ಅದು ಸತ್ತಿದ್ದು ಚಳಿಗೆ, ನಮ್ಮ ಪಾಪಕ್ಕಲ್ಲ.

ನನಗೆ ನಿಜವಾಗಿ ಕಷ್ಟವಾಗಿದ್ದು ಬೇರೆ. ಆಷಾಢದಲ್ಲಿ ಮಲಗಿದ ದೇವರು ಕಾರ್ತಿಕದ ಏಕಾದಶಿಗೆ ಏಳುತ್ತಾನೆ, ಮಾರನೇ ದಿನ ಉತ್ಥಾನ ದ್ವಾದಶಿ, ನಮ್ಮ ತುಳಸಿ ಹಬ್ಬ. ಊರಲ್ಲಿ ಅಷ್ಟೊತ್ತಿಗೆ ಮಳೆ ಮುಗಿದು, ಗದ್ದೆಯಲ್ಲಿ ತೆನೆ ಬಾಗಿ, ಎಲ್ಲವೂ ಎದ್ದ ಹಾಗೇ ಇರುತ್ತದೆ. ಇಲ್ಲಿ ದೇವರು ಏಳುವ ಹೊತ್ತಿಗೆ ಭೂಮಿ ಮಲಗುತ್ತಿರುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದಮೇಲೆ ನಾಲ್ಕೂವರೆಗೆಲ್ಲ ಕತ್ತಲು ಕವಿಯೋಕೆ ಶುರು. ಮುಸ್ಸಂಜೆ ದೀಪ ಹಚ್ಚಬೇಕು ಅಂದರೆ ಆಫೀಸ್ ಮೀಟಿಂಗ್ ಮಧ್ಯೆ ಎದ್ದು ಹೋಗಬೇಕು. ಎದ್ದು ಹೋಗುತ್ತೇನೆ. ಕಾರ್ತಿಕದ ದೀಪ ಯಾಕೆ ಅಂತ ನನಗೆ ಅರ್ಥವಾಗಿದ್ದೇ ಇಲ್ಲಿ, ಸಂಜೆಯೇ ಇಲ್ಲದ ಈ ದಿನಗಳಲ್ಲಿ.

ಹಬ್ಬಕ್ಕೆ ನೆಲ್ಲಿ ಕೊಂಬೆ ಸಿಗಲ್ಲ. ಅಂಗಡಿಯಲ್ಲಿ ಫ್ರೋಜನ್ ನೆಲ್ಲಿಕಾಯಿ ಸಿಗುತ್ತೆ. ಪೂರ್ತಿ ಕರಗಿದರೆ ಮೆತ್ತಗಾಗುತ್ತೆ, ಅದಕ್ಕೇ ಅರ್ಧ ಗಟ್ಟಿ ಇರುವಾಗಲೇ ತಲೆ ಕತ್ತರಿಸಿ, ಗುಳಿ ಮಾಡಿ, ತುಪ್ಪದ ಬತ್ತಿ ಇಡುತ್ತೇನೆ. ಕೊಂಬೆಯ ಜಾಗದಲ್ಲಿ ಮೇಪಲ್ ಕಡ್ಡಿ ನೆಡುತ್ತೇನೆ, ಮೊಗ್ಗಿರುವುದನ್ನೇ ಆರಿಸಿ. ಶಾಸ್ತ್ರ ಒಪ್ಪುತ್ತಾ ಅಂತ ಕೇಳಿದವರಿದ್ದಾರೆ. ದೇವರು ಒಪ್ಪುತ್ತಾನೆ ಅಂತ ನಾನು ನಂಬಿದ್ದೇನೆ.

ಹಾಗಾಗಿ ಅತ್ತೆಗೆ ಈಗ ನನ್ನ ಉತ್ತರ ಇಷ್ಟೇ: ಭಯ ಇಲ್ಲ ಅತ್ತೆ, ಬೇಜಾರಾಗುತ್ತೆ. ಕಿಟಕಿ ಹತ್ತಿರ ಒಳಗಿಟ್ಟರೂ ಹೀಟರ್‌ನ ಒಣ ಗಾಳಿಗೆ ಜನವರಿಯಲ್ಲಿ ಗಿಡ ಬಡಕಲಾಗುತ್ತದೆ, ಕೆಲವು ವರ್ಷ ಉಳಿಯುತ್ತದೆ, ಕೆಲವು ವರ್ಷ ಇಲ್ಲ. ಒಣಗಿದ ಕಡ್ಡಿಯನ್ನು ಕಸಕ್ಕೆ ಹಾಕಲ್ಲ, ಹಿಮ ಕರಗಿದ ಮೇಲೆ ಅದೇ ಮೇಪಲ್ ಬುಡದಲ್ಲಿ ಹೂಳುತ್ತೇನೆ.

ಬೀಜ ಕಾಗದದ ಪೊಟ್ಟಣದಲ್ಲಿ, ದೇವರ ಗೂಡಿನಲ್ಲಿದೆ. ಮಾರ್ಚ್ ಕೊನೆಗೆ ಮನೆಯೊಳಗೇ ಬಿತ್ತುತ್ತೇನೆ. ಮೇಲೆ ಮಣ್ಣು ಜಾಸ್ತಿ ಮುಚ್ಚಬೇಡಿ, ಸುಮ್ನೆ ಉದುರಿಸಿ ನೀರು ಚಿಮುಕಿಸಿದರೆ ಸಾಕು. ಈ ಸಲ ತೆನೆ ಚೆನ್ನಾಗಿ ಬಂದಿದೆ. ಬೇಕಾದವರು ಕೇಳಿ, ಕೊಡುತ್ತೇನೆ.