ದುರಸ್ತಿಗೆ ಮುನ್ನ ಡಿಸ್ಕನ್ನು ನೋಡಬೇಕಿತ್ತು

ಕ್ರ್ಯಾಶ್ ಆದ ಸರ್ವರನ್ನು ಮತ್ತೆ ಬೂಟ್ ಮಾಡಿದಾಗ ಅದು ಎಮರ್ಜೆನ್ಸಿ ಮೋಡ್‌ಗೆ ಹೋಗಿ, ಡೇಟಾ ವಿಭಾಗದ ಮೇಲೆ ಎಫ್‌ಎಸ್‌ಸಿಕೆಯನ್ನು (ಫೈಲ್‌ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯನ್ನು, ಪರೀಕ್ಷಿಸಿ ದುರಸ್ತಿ ಮಾಡುವ ಸಾಧನ) ಕೈಯಾರೆ ನಡೆಸುವಂತೆ ಕೇಳಿತು. ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವ ತಾಳ್ಮೆಯಿಲ್ಲದೆ, ಎಲ್ಲಕ್ಕೂ 'ಹೌದು' ಎನ್ನುವ ವೈ ಆಯ್ಕೆಯನ್ನು ಕೊಟ್ಟು ಕುಳಿತೆ. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಮೊದಲ ಸುತ್ತು ನೂರಾರು ಐನೋಡ್‌ಗಳನ್ನು (ಪ್ರತಿ ಫೈಲ್‌ನ ವಿವರವಿರುವ ದಾಖಲೆಗಳನ್ನು) ಸರಿಪಡಿಸಿದಂತೆ ತೋರಿಸಿ, ಒಂದು ಬ್ಲಾಕನ್ನು ಪೂರ್ತಿ ಓದಲಾಗಲಿಲ್ಲ ಎಂದು ಹೇಳಿ, 12 ಎಂಬ ನಿರ್ಗಮನ ಸಂಕೇತದೊಂದಿಗೆ ನಿಂತಿತು. ಅದು 4 ಮತ್ತು 8ರ ಮೊತ್ತ: ದೋಷಗಳು ಹಾಗೆಯೇ ಉಳಿದಿವೆ, ಜೊತೆಗೆ ಕಾರ್ಯಾಚರಣೆಯೇ ವಿಫಲವಾಗಿದೆ ಎಂದರ್ಥ. ನಾನು ಆ 8ನ್ನು ಗಮನಿಸದೆ ಎರಡನೆಯ ಸುತ್ತು ಓಡಿಸಿದೆ. ಈ ಬಾರಿ, ಫೈಲ್‌ಸಿಸ್ಟಂನ ಮೂಲ ವಿವರಗಳಿರುವ ಸೂಪರ್‌ಬ್ಲಾಕ್‌ನಲ್ಲಿ ಅದರ ಗುರುತಾದ ಮ್ಯಾಜಿಕ್ ಸಂಖ್ಯೆಯೇ ತಪ್ಪೆಂದಿತು. 4096 ಬೈಟ್ ಬ್ಲಾಕ್‌ನ ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಂನಲ್ಲಿ ಸೂಪರ್‌ಬ್ಲಾಕ್‌ನ ಮೊದಲ ಬ್ಯಾಕಪ್ ಪ್ರತಿ ಸಾಮಾನ್ಯವಾಗಿ 32768ನೇ ಬ್ಲಾಕ್‌ನಲ್ಲಿರುವುದರಿಂದ ಅದನ್ನು ಸೂಚಿಸಿ ಮತ್ತೊಮ್ಮೆ ಪ್ರಯತ್ನಿಸಿದೆ. ಸ್ವಲ್ಪ ದೂರ ಸಾಗಿ, ಮೊದಲು ನಿಂತಿದ್ದ ಬ್ಲಾಕ್‌ನಲ್ಲೇ, ಪೂರ್ತಿ ಓದಲಾಗಲಿಲ್ಲ ಎಂಬ ಅದೇ ಸಂದೇಶದೊಂದಿಗೆ ನಿಂತಿತು.

ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಜರ್ನಲ್ ಇರುವ ಫೈಲ್‌ಸಿಸ್ಟಂ ಬರಿಯ ಕ್ರ್ಯಾಶ್‌ನಿಂದ ಸಾಮಾನ್ಯವಾಗಿ ಇಷ್ಟು ಕೆಡುವುದಿಲ್ಲ. ಜರ್ನಲನ್ನು ಮರುಚಾಲನೆ ಮಾಡಿ ಕೆಲವೇ ಕ್ಷಣಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹಾಗಾಗಿ ದುರಸ್ತಿ ಒಂದೇ ಜಾಗದಲ್ಲಿ ಎರಡು ಸಲ ಸೋತರೆ ಫೈಲ್‌ಸಿಸ್ಟಂನ ಕೆಳಗಿನ ಪದರವನ್ನು ಶಂಕಿಸಬೇಕು. ಆಗಷ್ಟೇ ಕರ್ನಲ್ ಲಾಗ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು ಬರೆದಿಡುವ ದಾಖಲೆ) ತೆರೆದು ನೋಡಿದೆ: ಅದೇ ಡಿಸ್ಕಿನ ಹೆಸರಿನಲ್ಲಿ ಐ/ಓ (ಓದುವ-ಬರೆಯುವ) ದೋಷಗಳ ಸಾಲೇ ಇತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ, ಓದಲಾಗದೆ ಮರುಹಂಚಿಕೆಗೆ ಕಾಯುತ್ತಿರುವ ಸೆಕ್ಟರ್‌ಗಳ ಎಣಿಕೆ ನಾನು ನೋಡುತ್ತಿದ್ದಂತೆಯೇ ಏರುತ್ತಿತ್ತು. ಓದಲಾಗದ ಬ್ಲಾಕ್ ಎದುರಾದಾಗ ಎಫ್‌ಎಸ್‌ಸಿಕೆ, ದೋಷವನ್ನು ಕಡೆಗಣಿಸಲೇ, ಬಲವಂತವಾಗಿ ಮತ್ತೆ ಬರೆಯಲೇ ಎಂದು ಕೇಳುತ್ತದೆ. ನನ್ನ ವೈ ಆಯ್ಕೆ ಎರಡಕ್ಕೂ ಒಪ್ಪಿಗೆ ಕೊಟ್ಟಿತ್ತು. ಅಂದರೆ ಸಾಯುತ್ತಿದ್ದ ಡಿಸ್ಕಿನ ಮೇಲೆ ನಾನೇ ಬರೆಸುತ್ತಿದ್ದೆ.

ಅಲ್ಲಿಗೆ ಎಲ್ಲವನ್ನೂ ನಿಲ್ಲಿಸಿ, ಹಾಳಾದ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಸಾಧನ ಬಳಸಿ ಇನ್ನೊಂದು ಡಿಸ್ಕಿಗೆ ನಕಲು ಮಾಡಲಾರಂಭಿಸಿದೆ. ಇದು ಮೊದಲು ಸಲೀಸಾಗಿ ಓದಬಲ್ಲ ಭಾಗಗಳನ್ನು ಎತ್ತಿಕೊಂಡು, ಹಾಳಾದವನ್ನು ಕೊನೆಗೆ ಬಿಡುತ್ತದೆ. ಯಾವ ಭಾಗ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ನಿಂತರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಬಳಿಕ ಆ ನಕಲಿನ ಮೇಲೆ ಮಾತ್ರ, ಮೊದಲು ಏನನ್ನೂ ಬರೆಯದ ಎನ್ ಆಯ್ಕೆಯಲ್ಲಿ, ನಂತರ ನಿಜವಾಗಿ ಎಫ್‌ಎಸ್‌ಸಿಕೆ ನಡೆಸಿದೆ. ಈ ಸಲ ಅದು ಕೊನೆಮುಟ್ಟಿ, 1 ಎಂಬ ಸಂಕೇತ, ಅಂದರೆ ದೋಷಗಳು ಸರಿಯಾದವು ಎಂಬ ಸೂಚನೆ, ಕೊಟ್ಟಿತು.

(ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಂ ಆಗಿದ್ದರೆ ಅಪಾಯ ಬೇರೆ ರೂಪದಲ್ಲಿರುತ್ತಿತ್ತು. ಅಲ್ಲಿ ಲಾಗ್ (ಅದರ ಜರ್ನಲ್) ಬಾಕಿಯಿದ್ದರೆ ದುರಸ್ತಿ ಸಾಧನವು ಮೊದಲು ಮೌಂಟ್ ಮಾಡಲು, ಅಂದರೆ ಫೈಲ್‌ಸಿಸ್ಟಂ ಅನ್ನು ಬಳಕೆಗೆ ಜೋಡಿಸಲು, ಹೇಳುತ್ತದೆ. ಅದನ್ನು ಮೀರಿ ಎಲ್ ಆಯ್ಕೆ ಕೊಟ್ಟರೆ ಲಾಗನ್ನೇ ಅಳಿಸಿದಂತಾಗುತ್ತದೆ.)

ಲಾಸ್ಟ್+ಫೌಂಡ್ ಕಡತಕೋಶದಲ್ಲಿ ಹೆಸರು ಕಳೆದುಕೊಂಡ ಫೈಲ್‌ಗಳು # ಚಿಹ್ನೆ ಮತ್ತು ಐನೋಡ್ ಸಂಖ್ಯೆಯ ಹೆಸರಿನಲ್ಲಿ ರಾಶಿ ಬಿದ್ದಿದ್ದವು. 'ಫೈಲ್' ಎಂಬ ಆದೇಶದಿಂದ ಒಂದೊಂದರ ಬಗೆಯನ್ನು ಗುರುತಿಸಿ ಹೆಚ್ಚಿನವನ್ನು ಮೂಲ ಸ್ಥಾನಕ್ಕೆ ಸೇರಿಸಲು ಎರಡು ದಿನ ಹಿಡಿಯಿತು. ಡೇಟಾಬೇಸ್‌ನ ಫೈಲ್‌ಗಳನ್ನು ಮಾತ್ರ ನಂಬುವ ಧೈರ್ಯವಾಗದೆ, ಹಿಂದಿನ ರಾತ್ರಿಯ ಬ್ಯಾಕಪ್‌ನಿಂದಲೇ ಮರಳಿ ತಂದೆ.